ತಮ್ಮನ ರಿಟರ್ನು, ಅಣ್ಣನ ಫೋನು

ಶಿಕಾರಿಪುರದಲ್ಲಿ ನಾನು ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಪುಟ್ಟ ಅಂಗಡಿ ಇಟ್ಟಿದ್ದೇನೆ. ಜುಲೈ ಬಂತೆಂದರೆ ಜನ ಕಾಗದಪತ್ರದ ಜೊತೆಗೆ ಮನೆಯ ಪಂಚಾಯ್ತಿಯನ್ನೂ ತಂದು ನನ್ನ ಮೇಜಿನ ಮೇಲೆ ಹರಡುತ್ತಾರೆ. ಬೇಡ ಅನ್ನಲು ನನಗೂ ಮನಸ್ಸು ಬರುವುದಿಲ್ಲ. ಉಡುತಡಿಯ ಒಬ್ಬ ನಿವೃತ್ತ ಮೇಷ್ಟ್ರದಂತೂ ಪ್ರತಿ ಸಲವೂ ಒಂದು ಪ್ರಸಂಗ.

ದೇವರ ದುಡ್ಡು

ಮೊದಲ ಸಲ ಮೇಷ್ಟ್ರು ಪಿಂಚಣಿಯ ಕಾಗದ ಮಾತ್ರ ತಂದರು.

"ಬ್ಯಾಂಕ್ ಬಡ್ಡಿ ಏನಾದರೂ ಇದೆಯಾ ಸರ್?"

"ಇಲ್ರೀ."

ಕಂಪ್ಯೂಟರ್ ಎರಡು ಎಫ್‌ಡಿ ತೋರಿಸಿತು. ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಅದು ನಂದಲ್ರೀ. ಮನೆದೇವರಿಗಂತ ಇಟ್ಟಿದ್ದು."

"ಪ್ಯಾನ್ ಕಾರ್ಡು ನಿಮ್ಮದೇ ಇದೆಯಲ್ಲ ಸರ್?"

"ದೇವರದು ಎಲ್ಲಿಂದ ತರ್ಲಿ?"

ಬಡ್ಡಿಯನ್ನು ಅವರ ಆದಾಯಕ್ಕೇ ಸೇರಿಸಿದೆ. ತೆರಿಗೆ ಎಷ್ಟಾಯಿತೆಂದು ನೋಡಿ ಮೇಷ್ಟ್ರು ಕನ್ನಡಕ ತೆಗೆದರು. "ಇದನ್ನ ದೇವರಿಗೆ ಹೇಳೋರು ಯಾರ್ರೀ?"

ಅರ್ಧ ಒಟಿಪಿ

ಅದೇ ದಿನ, ರಿಟರ್ನ್ ಕಳಿಸಲು ಒಟಿಪಿ ಬೇಕಾಯಿತು. ಮೇಷ್ಟ್ರ ಫೋನು ಸುಮ್ಮನಿತ್ತು. ಆಧಾರಿಗೆ ಕೊಟ್ಟಿದ್ದು ಹೊಸಬಾಳೆಯಲ್ಲಿರುವ ಅವರ ಅಣ್ಣನ ನಂಬರಂತೆ; ಆಗ ಇಡೀ ಮನೆಗೆ ಇದ್ದದ್ದು ಅದೊಂದೇ ಫೋನು. ಆಮೇಲೆ ಮನೆ ಹಿಸ್ಸೆಯಾಯಿತು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಯಾರಿಗೆ ಅಂತ ಜಗಳವಾಯಿತು, ಮಾತು ನಿಂತುಹೋಯಿತು.

ಮೇಷ್ಟ್ರು ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಮುಂದೆ ತಳ್ಳಿದರು. ನಾನೇ ವಿಷಯ ಹೇಳಿದೆ.

"ಅವನಿಗೆ ಬಾಯಿಲ್ವಾ?" ಎಂದರು ಅಣ್ಣ.

"ಐತಿ ಅಂತ ಹೇಳ್ರೀ," ಎಂದು ಮೇಷ್ಟ್ರು ನನಗೆ ಹೇಳಿದರು.

ಅಣ್ಣ ಮೂರು ಅಂಕೆ ಓದಿ ನಿಲ್ಲಿಸಿದರು. "ಅವನ ಮಂಡಿನೋವು ಹೆಂಗದೆ ಕೇಳು ತಂಗಿ. ಉಳಿದ ಮೂರು ಆಮೇಲೆ ಹೇಳ್ತೀನಿ."

ಮೇಷ್ಟ್ರು ಗೋಡೆ ನೋಡುತ್ತಾ, "ಎಡಗಾಲು ವಾಸಿ, ಬಲಗಾಲು ಹಂಗೇ ಐತಿ," ಎಂದರು. ಉಳಿದ ಮೂರು ಅಂಕೆ ಬಂದವು.

ಸಣ್ಣ ತಪ್ಪು

ಮುಂದಿನ ಎರಡು ಜುಲೈಯಲ್ಲೂ ಇದೇ ಕತೆ. ಉಪಕಾರ ಮಾಡೋಣ ಅಂತ, "ಆಧಾರಿಗೆ ನಿಮ್ಮ ನಂಬರೇ ಹಾಕಿಸಿಕೊಳ್ಳಿ ಸರ್," ಎಂದೆ. ತಲೆಯಾಡಿಸಿ ಹೋದರು.

ಈ ವರ್ಷ ಜುಲೈಗೆ ಮೊದಲೇ ಬಿಳಿ ಟವೆಲಿನ ಹಿರಿಯರೊಬ್ಬರು ಸೊರಬದ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಬಾಯಿ ತೆರೆದದ್ದೇ ಗೊತ್ತಾಯಿತು, ಫೋನಿನ ಅಣ್ಣ.

"ನಮ್ಮ ತಮ್ಮನ ಹೆಂಡ್ತಿ ಹೇಳಿದ್ಲು. ನಂಬರು ಬದಲಾಯಿಸು ಅಂದ್ಯಂತೆ?"

"ನಿಮಗೆ ತೊಂದರೆ ಆಗಬಾರದು ಅಂತ..."

"ತೊಂದರೆ ಅಂತ ನಾನು ಯಾವತ್ತಾದ್ರೂ ಅಂದಿದ್ನಾ? ವರ್ಷಕ್ಕೆ ಒಂದ್ಸಲ ಅವನ ಫೋನು ಬರ್ತದೆ. ಅದಕ್ಕೂ ಕಲ್ಲು ಹಾಕ್ತೀಯಲ್ಲ ತಂಗಿ."

ನಂಬರು ಹಾಗೇ ಇರಲಿ ಎಂದು ಮಾತು ಕೊಟ್ಟು, ಚಹಾ ತರಿಸಿದೆ. ಅರ್ಧ ಲೋಟ ಕುಡಿದು ಮೆಲ್ಲಗೆ ಕೇಳಿದರು:

"ಈ ರಿಟರ್ನು ವರ್ಷಕ್ಕೆ ಒಂದೇ ಸಲವಾ?"

"ಒಂದೇ ಸಲ. ಬಡ್ಡಿಗಿಡ್ಡಿ ಬಿಟ್ಟುಹೋಗಿದ್ದರೆ ಮಾತ್ರ ತಿದ್ದಿ ಇನ್ನೊಮ್ಮೆ ಕಳಿಸಬೇಕು."

"ಆಗಲೂ ಒಟಿಪಿ ನನ್ನ ಫೋನಿಗೇ ಬರ್ತದಾ?"

"ಬರುತ್ತೆ."

ಲೋಟ ಕೆಳಗಿಟ್ಟು, ಹತ್ತಿರ ಬಗ್ಗಿದರು.

"ಹಂಗಾದ್ರೆ ಈ ಸಲ ಒಂದು ಸಣ್ಣ ತಪ್ಪು ಮಾಡಿಬಿಡು ತಂಗಿ."