ಹಿಂದಿನ ಹಗ್ಗ

ಕುಬೇರಪ್ಪ ಮಾಸ್ತರನಿಗೆ ಕಾಯಂ ನೌಕರಿ ಇರಲಿಲ್ಲ. ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವನು ಹಂಗಾಮಿ ಡ್ರಿಲ್ ಮಾಸ್ತರ. ಅಣ್ಣಿಗೇರಿಯಲ್ಲಿ ಹೆಣ್ಣು ನೋಡಿ ಬಂದು ವರ್ಷವಾಗಿತ್ತು. "ಕಾಯಂ ಆದ ಮ್ಯಾಲ ಮಾತಾಡೂಣು" ಎಂದು ಹೆಣ್ಣಿನ ತಂದೆ ಚಹಾ ಕುಡಿಸಿ ಕಳಿಸಿದ್ದ.

ಎಂಬತ್ತಾರನೆಯ ಇಸವಿಯಲ್ಲಿ ಯಾವುದೋ ಇಲಾಖೆಗೆ ಹಳ್ಳಿಯ ಹುಡುಗರಿಗೆ ಹಾಯಿದೋಣಿ ಕಲಿಸಬೇಕೆಂಬ ಮನಸ್ಸಾಯಿತು. ಕೆರೆಯಿದ್ದ ಊರಿನ ಶಾಲೆಗೆ ಒಂದು ದೋಣಿ. ಸಾಹೇಬರು ಬಂದು ನೋಡಿ ಒಪ್ಪಿದರೆ ಅದನ್ನು ಕಲಿಸುವ ಮಾಸ್ತರನಿಗೆ ಕಾಯಂ ಹುದ್ದೆ. ಕುಬೇರಪ್ಪನನ್ನು ತರಬೇತಿಗೆಂದು ಒಂದು ವಾರ ಕಾರವಾರಕ್ಕೆ ಕಳಿಸಿದರು. ಆ ವಾರವೆಲ್ಲ ಅವನು ದೋಣಿಯ ತಳದಲ್ಲಿ ಮಲಗಿ ವಾಂತಿ ಮಾಡಿಕೊಂಡ. ಕಲಿಸುವವನು ತಲೆಯ ಮೇಲೆ ನಿಂತು "ಹಿಂದಿನ ಹಗ್ಗ, ಹಿಂದಿನ ಹಗ್ಗ" ಎಂದು ಒದರುತ್ತಿದ್ದುದು ಮಾತ್ರ ನೆನಪಿನಲ್ಲಿ ಉಳಿಯಿತು. ಅದನ್ನು ಬಿಗಿಯಬೇಕೋ ಬಿಡಬೇಕೋ ಎಂಬುದು ಉಳಿಯಲಿಲ್ಲ.

ದೋಣಿ ಲಾರಿಯಲ್ಲಿ ಬಂತು. ಹಾಯಿ ಕಟ್ಟುವ ಕಂಬ ಬರಲಿಲ್ಲ. "ಭಾಳ ಉದ್ದ ಆತ್ರಿ, ಅಲ್ಲೇ ಬಿಟ್ಟ ಬಂದೆ" ಎಂದ ಡ್ರೈವರ.

ಸಾಹೇಬರು ಬರುವ ದಿನ ಬೆಳಿಗ್ಗೆ ಕುಬೇರಪ್ಪ ಕೆರೆಯ ಪಕ್ಕದ ಗುರವ್ವನ ಹಿತ್ತಲಿನಿಂದ ಉದ್ದನೆಯ ಬಿದಿರಿನ ಗಳವೊಂದನ್ನು ಬೇಡಿ ತಂದು ದೋಣಿಯಲ್ಲಿ ನಿಲ್ಲಿಸಿ ಹಾಯಿ ಕಟ್ಟಿದ. ಗಳದ ನಡುವಿಗೆ ಹಗ್ಗ ಕಟ್ಟಿ ಮುಂದಕ್ಕೂ ಅಕ್ಕಪಕ್ಕಕ್ಕೂ ಬಿಗಿದ. ಕೊನೆಯ ಹಗ್ಗವನ್ನು ಗಳದ ತಲೆಗೆ ಕಟ್ಟಿ ದೋಣಿಯ ಹಿಂದಿನ ಗೂಟದವರೆಗೆ ತಂದ. ತಂದು, ಕೈಯಲ್ಲಿ ಹಿಡಿದುಕೊಂಡು ದೋಣಿಯಲ್ಲೇ ಬಹಳ ಹೊತ್ತು ನಿಂತ.

"ಯಾಕ್ರಿ ಮಾಸ್ತರ, ಎಮ್ಮಿ ಮಾರಾಕ ಬಂದವರಾಂಗ ನಿಂತೀರಿ?" ಎಂದಳು ಬಟ್ಟೆ ಒಗೆಯುತ್ತಿದ್ದ ಗುರವ್ವ.

"ವಿಚಾರ ಮಾಡಾಕತ್ತೇನಿ ಯಕ್ಕಾ. ಇದನ್ನ ಬಿಗೀಬೇಕೋ, ಬಿಡಬೇಕೋ?"

"ಬಿಡ್ರಿ. ನನ್ನ ಗಳಾ ಮುರದೀತು."

ಬಿಟ್ಟ. ಆಷಾಢದ ಗಾಳಿ. ಗಳ ನೆಟ್ಟಗೇ ನಿಂತಿತ್ತು, ಹಾಯಿ ಮಾತ್ರ ಮದುವೆ ಊಟ ಮುಗಿಸಿದವನ ಹೊಟ್ಟೆಯಂತೆ ಉಬ್ಬಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಕಣ್ಣಿ ಹರಿದ ಹೋರಿಯಂತೆ ಓಡಿ, ಆಚೆ ದಂಡೆಯ ಕೆಸರಿಗೆ ಮೂತಿ ತುರುಕಿ ನಿಂತಿತು. ಕುಬೇರಪ್ಪ ಇಳಿದು ಅದನ್ನು ಬಿಡಿಸಿಕೊಂಡ. ಬಲಗಾಲಿನ ಚಪ್ಪಲಿಯನ್ನು ಕೆಸರು ಬಿಡಲಿಲ್ಲ.

ದಂಡೆಗುಂಟ ದೋಣಿ ಎಳೆದುಕೊಂಡು ವಾಪಸು ಬರುವಷ್ಟರಲ್ಲಿ ಬಂಡಿ ಹೊಡೆಯುವ ಇಮಾಮುದ್ದೀನ ಅಲ್ಲಿ ನಿಂತಿದ್ದ. ಮೇವಿನ ಹೇರು ಕಟ್ಟುವುದೇ ಅವನ ಕಸುಬು.

"ಸಡ್ಲ ಹಗ್ಗಕ್ಕ ಹೇರ ನಿಂದರತೈತೇನ್ರಿ ಮಾಸ್ತರ? ಸರೀರಿ ಬಾಜೂಕ."

"ಇದು ಹೇರಲ್ಲೋ ಮಾರಾಯಾ, ದೋಣಿ."

"ಹಗ್ಗಕ್ಕೇನ ಗೊತ್ತಾಗತೈತ್ರಿ ಅದು?"

ಅವನು ಕುಬೇರಪ್ಪನ ಹಗ್ಗ ಬಿಚ್ಚಿ ಒಗೆದು, ಬಂಡಿಯಿಂದ ತನ್ನ ಹೇರಿನ ಹಗ್ಗ ತಂದು ಎರಡೆಳೆ ಮಾಡಿ ಕಟ್ಟಿದ. ಎಳೆಗಳ ನಡುವೆ ಒಂದು ಬಡಿಗೆ ಸಿಕ್ಕಿಸಿ, ಬಣವಿಯಷ್ಟು ಮೇವಿಗೆ ತಿರುವುವಂತೆ ತಿರುವಿದ. ತಿರುವಿದಂತೆಲ್ಲ ಗಳದ ತಲೆ ಹಿಂದಕ್ಕೆ ಬಂತು, ನಡು ಮುಂದಕ್ಕೆ ಹೋಯಿತು. ಗಳ ಬಿಲ್ಲಾಯಿತು. ಹಾಯಿಯ ಹೊಟ್ಟೆ ಇಳಿದು ಜೋಳದ ರೊಟ್ಟಿಯಂತೆ ಚಪ್ಪಟೆಯಾಯಿತು.

"ಲೇ ಮೂಳಾ, ನನ್ನ ಗಳಾ" ಎಂದಳು ಗುರವ್ವ.

ಕುಬೇರಪ್ಪ ಹೆದರುತ್ತಲೇ ಹತ್ತಿದ. ದೋಣಿ ವಾಲಲಿಲ್ಲ, ಓಡಲಿಲ್ಲ. ಅತ್ತೆಯ ಮುಂದೆ ಹಾಯುವ ಹೊಸ ಸೊಸೆಯಂತೆ ಹೋಯಿತು. ತಿರುಗಿಸಿದ ಕಡೆ ತಿರುಗಿ ವಾಪಸೂ ಬಂತು. ಅವನಿಗೆ ತಲೆ ಕೆಟ್ಟಿತು. ಗಳ ನೆಟ್ಟಗಿದ್ದರೆ ದೋಣಿ ಸೊಟ್ಟ ಹೋಗುತ್ತದೆ, ಗಳ ಸೊಟ್ಟಗಿದ್ದರೆ ದೋಣಿ ನೆಟ್ಟಗೆ ಹೋಗುತ್ತದೆ.

ಅಷ್ಟರಲ್ಲಿ ಹೆಡ್ ಮಾಸ್ತರ ಮಡಿವಾಳೆಪ್ಪನವರು ಇಸ್ತ್ರಿ ಮಾಡಿದ ಧೋತರದಲ್ಲಿ ಬಂದರು.

"ಏನಪಾ ಕುಬೇರಪ್ಪ, ಕಂಬ ಡೊಂಕ ಆಗೇತಿ."

"ಡೊಂಕಿದ್ರ ಚಲೋ ಹೊಂಟೈತ್ರಿ ಸರ್."

"ಆಗಸ್ಟ್ ಹದಿನೈದಕ್ಕ ಡೊಂಕ ಕಂಬಕ್ಕ ಧ್ವಜಾ ಏರಸ್ತೀ ಏನ ನೀನು? ಸಾಹೇಬ್ರು ಮೊದ್ಲ ನೋಡೂದ ಕಂಬಾ. ಬಿಚ್ಚು."

ಬಿಚ್ಚಿದರು. ಗಳ ನೆಟ್ಟಗಾಯಿತು. ಹೆಡ್ ಮಾಸ್ತರರು ಸಮಾಧಾನದಿಂದ ಒಂದು ಕಾಲನ್ನು ದೋಣಿಯಲ್ಲಿಟ್ಟರು. ಇನ್ನೊಂದು ಕಾಲು ದಂಡೆಯ ಮೇಲಿದ್ದಾಗಲೇ ಹಾಯಿ ಉಬ್ಬಿ ದೋಣಿ ಹೊರಟಿತು. ಎರಡೂ ಕಾಲುಗಳ ನಡುವೆ ಕೆರೆ ಅಗಲವಾಗುತ್ತ ಹೋಯಿತು. ಕೊನೆಗೆ ಅವರು ಕೆರೆಗೇ ಬಿದ್ದರು.

"ಬಿಗಿ" ಎಂದರು ಎದ್ದು, ಬಾಯಲ್ಲಿನ ನೀರು ಉಗುಳಿ. ಬಿಗಿದರೆ ಕಂಬ ಡೊಂಕು. "ಬಿಚ್ಚು" ಎಂದರು. ಬಿಚ್ಚಿದರೆ ದೋಣಿ ಕೈಗೆ ಸಿಗದು. "ಅರ್ಧಾ ಬಿಗಿ" ಎಂದರು. ಇಮಾಮುದ್ದೀನನಿಗೆ ಅರ್ಧ ಬಿಗಿಯುವುದು ಜನ್ಮದಲ್ಲಿ ಗೊತ್ತಿರಲಿಲ್ಲ, ಪೂರ್ತಿ ಬಿಗಿದುಬಿಟ್ಟ. ಆಗ ಜೀಪಿನ ಸದ್ದು ಕೇಳಿಸಿತು. ಅದರ ಹಿಂದೆ, ಒಪ್ಪದಿದ್ದರೆ ದೋಣಿ ವಾಪಸು ಒಯ್ಯಲು, ದೋಣಿ ತಂದಿದ್ದ ಅದೇ ಲಾರಿ.

"ನನ್ನ ಹೆಸರ ಹೇಳಬ್ಯಾಡ್ರಿ, ನಾ ಬಂಡಿ ಹೊಡ್ಯಾಂವ" ಎಂದ ಇಮಾಮುದ್ದೀನ.

"ಆ ಗಳಾ ನಂದಲ್ಲ" ಎಂದಳು ಗುರವ್ವ.

"ನಾ ಬಿಚ್ಚಂತನ ಹೇಳಿದ್ದೆ" ಎಂದರು ಹೆಡ್ ಮಾಸ್ತರರು.

ಸಾಹೇಬರು ಹಡಗಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ಬಂದವರು. ದೋಣಿಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಹಗ್ಗವನ್ನು ಬೆರಳಿನಿಂದ ಮೀಟಿದರು. ಅದು ಏಕತಾರಿಯಂತೆ ಗುಂಯ್ ಎಂದಿತು.

"ಇದನ್ನ ಬಿಗಿದದ್ದು ಯಾರು?"

ಇಮಾಮುದ್ದೀನ ಬಂಡಿಯ ಹಿಂದೆ ಸರಿದ. ಕುಬೇರಪ್ಪ ಅಣ್ಣಿಗೇರಿಯನ್ನು ನೆನೆದು "ನಾನ್ರಿ" ಎಂದ. ಗಾಳಿಯ ಸದ್ದಿನಲ್ಲಿ ಅದು ಸಾಹೇಬರಿಗೆ ಕೇಳಿಸಲಿಲ್ಲ.

"ಶಹಬ್ಬಾಸ್" ಎಂದರು ಸಾಹೇಬರು. "ಇಷ್ಟು ಗಾಳಿಗೆ ಹೀಗೇ ಇರಬೇಕು. ಹಿಂದಿನ ಹಗ್ಗ ಬಿಗಿದರೆ ಕಂಬ ಬಾಗುತ್ತೆ, ಕಂಬ ಬಾಗಿದರೆ ಹಾಯಿ ಚಪ್ಪಟೆ ಆಗುತ್ತೆ, ದೋಣಿ ಹಿಡಿತಕ್ಕೆ ಬರುತ್ತೆ. ಗಾಳಿ ಕಡಿಮೆ ಆದರೆ ಸಡಿಲ ಬಿಡಬೇಕು. ಸಮುದ್ರದ ದಂಡೆ ಹುಡುಗರಿಗೂ ಇದು ಬೇಗ ತಲೆಗೆ ಹತ್ತಲ್ಲ."

"ನಾನ ಬಿಗದದ್ರಿ" ಎಂದು ಇಮಾಮುದ್ದೀನ ಮುಂದೆ ಬಂದ. "ಸಣ್ಣಾಂವ ಇದ್ದಾಗಿಂದ ಇದ ಕೆಲಸಾ."

"ಗಳಾ ನಂದ್ರಿ. ಬಾಗೂ ಗಳಾ ಅಂತನ ಆರಿಸಿ ಕೊಟ್ಟೇನಿ" ಎಂದಳು ಗುರವ್ವ.

"ಎಲ್ಲಾ ನನ್ನ ಮಾರ್ಗದರ್ಶನದಾಗ ಆಗೇತ್ರಿ" ಎಂದು ಹೆಡ್ ಮಾಸ್ತರರು ಧೋತರ ಹಿಂಡುತ್ತ ಹೇಳಿದರು. "ಬಿಚ್ಚಿದ್ರ ಏನಾಗತೈತಿ ಅಂತ ನೀರಿಗೆ ಇಳದ ನೋಡೇನಿ. ನಮ್ಮೂರಾಗ ಇದು ಎಲ್ಲಾರಿಗೂ ಗೊತ್ತಿದ್ದ ವಿಷಯರಿ."

ಸಾಹೇಬರಿಗೆ ಬಹಳ ಸಂತೋಷವಾಯಿತು. ಚಹಾ ಕುಡಿದು ಮೀಸೆ ಒರೆಸಿಕೊಂಡರು.

"ನೋಡಿ, ನನ್ನ ಹತ್ತಿರ ಇರೋದು ಒಂದೇ ದೋಣಿ, ಒಂದೇ ಹುದ್ದೆ. ಬಂಡಿ ಹೊಡೆಯೋರಿಗೂ ಬಟ್ಟೆ ಒಗೆಯೋರಿಗೂ ಗೊತ್ತಿರೋ ಊರಲ್ಲಿ ಕಲಿಸೋ ಮಾಸ್ತರ ಯಾಕೆ? ನವಲಗುಂದದ ಕಡೆ ಒಂದು ಶಾಲೆಯವರು ಕೇಳ್ತಿದ್ದಾರೆ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅವರಿಗೇ ಕೊಡೋಣ."

"ಅಲ್ಲೆ ಕೆರ್ಯಾಗ ನೀರ ಇಲ್ಲಲ್ರಿ" ಎಂದ ಕುಬೇರಪ್ಪ.

"ನೀರು ಬೇರೆ ಇಲಾಖೆ."

"ಸಾಹೇಬ್ರ, ಖರೇ ಹೇಳತೇನ್ರಿ. ನಮಗ ಯಾರಿಗೂ ಏನೂ ಗೊತ್ತಿಲ್ಲ. ನನಗಂತೂ ಅಗದೀ ಗೊತ್ತಿಲ್ಲ."

ಸಾಹೇಬರು ಅವನ ಹೆಗಲು ತಟ್ಟಿದರು. "ಗೊತ್ತಿದ್ದೋರು ಹೀಗೇ ಹೇಳೋದು."

ದೋಣಿಯನ್ನು ಲಾರಿಗೆ ಏರಿಸಿದರು. ಗಳ ಬಾಗಿದ್ದರಿಂದ ಈ ಸಲ ಅದೂ ಹಿಡಿಯಿತು. ಬಿಚ್ಚಿ ಕೊಡು ಎಂದು ಗುರವ್ವ ಲಾರಿಯ ಹಿಂದೆ ಸ್ವಲ್ಪ ದೂರ ಹೋದಳು. "ಬಿಚ್ಚಿದ್ರ ಹಿಡ್ಯಾಂಗಿಲ್ಲಬೇ" ಎಂದ ಡ್ರೈವರ.

ಆ ದಿನ ಹೋದದ್ದು: ದೋಣಿ ಒಂದು, ಬಿದಿರಿನ ಗಳ ಒಂದು, ಹೇರಿನ ಹಗ್ಗ ಒಂದು, ಬಲಗಾಲಿನ ಚಪ್ಪಲಿ ಒಂದು, ನೌಕರಿ ಒಂದು, ಹೆಣ್ಣು ಒಂದು.