ಬೀಗರ ಊಟಕ್ಕೆ ನಾನು ಅಂಟಿಸಿದ ಬೋರ್ಡು

ಹುಣಸೂರಿನಲ್ಲಿ ಮೂವತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಮಾಡಿದವನು ನಾನು. ಕೆಟ್ಟ ರೇಡಿಯೊ ನನ್ನನ್ನು ಕಂಡರೆ ಭಯಕ್ಕೇ ಹಾಡುತ್ತಿತ್ತು! ಅಂಥವನು ಮೊಮ್ಮಗಳು ರಮ್ಯಳ ಬೀಗರ ಊಟದಲ್ಲಿ ಬರೀ ಎಲೆ ಅಡಿಕೆ ಹಂಚಿಕೊಂಡು ಓಡಾಡುವುದುಂಟೇ?

ಮೈಸೂರಿನ ಗುಜರಿಯಲ್ಲಿ ಒಂದು ಚೀಲ ಪುಟಾಣಿ ಪರದೆಗಳು ಸಿಕ್ಕಿದ್ದವು. ದೊಡ್ಡ ಅಂಗಡಿಗಳಲ್ಲಿ ಸಾಮಾನಿನ ಮುಂದೆ ಬೆಲೆ ತೋರಿಸುತ್ತವಲ್ಲ, ಅವೇ. ಬೆಂಕಿಪೊಟ್ಟಣದಷ್ಟು ಗಾತ್ರ, ಕಾಗದದ ಮೇಲೆ ಅಚ್ಚು ಹಾಕಿದಂಥ ಅಕ್ಷರ. ಕೆಲವು ನಿಮಿಷಕ್ಕೊಮ್ಮೆ ತಾವೇ ಎಚ್ಚೆತ್ತು, ಹೊಸ ಸಮಾಚಾರ ಏನಾದರೂ ಉಂಟೋ ಎಂದು ಗಾಳಿಯಲ್ಲೇ ಒಂದು ಪೆಟ್ಟಿಗೆಯನ್ನು ಕೇಳುತ್ತವೆ. ಆ ವೈರ್‌ಲೆಸ್ ಪೆಟ್ಟಿಗೆಯನ್ನು ನಾನು ಸ್ವಹಸ್ತದಿಂದ ತಯಾರಿಸಿದೆ. ಫೋನಿನಲ್ಲಿ ಬರೆದು ಒತ್ತಿದರೆ ಮಾತು ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಪರದೆಗೆ ಹಾರುತ್ತದೆ.

ಯೋಜನೆ ಭರ್ಜರಿಯಾಗಿತ್ತು. ಹನಗೋಡಿನ ನಮ್ಮ ಮನೆಯಂಗಳದ ಪೆಂಡಾಲಿನಲ್ಲಿ, ಪ್ರತಿ ಎಲೆಯ ಮುಂದೆ ಒಂದೊಂದು ಪರದೆ. ಮೊದಲು 'ಎರಡನೇ ಮುದ್ದೆ ಕೇಳಬೇಡಿ!' ಅಂತ ಕಾಣಬೇಕು. ಬೀಗರ ಮುಖ ಇಂಗು ತಿಂದ ಮಂಗನಂತಾಗಬೇಕು. ಆಗ ನಾನು ಮೆಲ್ಲಗೆ ಒತ್ತಬೇಕು: 'ತಮಾಷೆಗೆ ಬೀಗರೇ! ಹೊಟ್ಟೆ ತುಂಬ ಉಣ್ಣಿ!'

ಹೆಂಡತಿ ಪುಟ್ಟಮ್ಮನಿಗೆ ಹೇಳಿರಲಿಲ್ಲ. ಹುಡುಗನ ತಾತ ಜವರಪ್ಪನವರು ಎಚ್.ಡಿ. ಕೋಟೆ ಕಡೆಯ ಹಿರಿಯರು, ಮಹಾ ಮುಂಗೋಪಿ. ನಿಶ್ಚಿತಾರ್ಥದ ದಿನ ಪಾಯಸ ಇನ್ನೊಂದು ಸೌಟು ಹಾಕಿಸಿಕೊಳ್ಳಿ ಅಂತ ಯಾರೂ ಬಲವಂತ ಮಾಡಲಿಲ್ಲವೆಂದು ಅರ್ಧಕ್ಕೇ ಎದ್ದಿದ್ದರು. ಇನ್ನೊಮ್ಮೆ ಎದ್ದರೆ ರಮ್ಯ ಆ ಮನೆಯಲ್ಲಿ ಜೀವಮಾನವೆಲ್ಲ ಆ ಮಾತು ಕೇಳಬೇಕು.

ಬೆಳಿಗ್ಗೆ ಮೊದಲ ಸಾಲು ಕಳಿಸಿದೆ. ಎಲ್ಲ ಪರದೆಗಳ ಮೇಲೂ ಮೂಡಿತು. ಭೇಷ್! ಅಷ್ಟರಲ್ಲಿ, ಮಧ್ಯಾಹ್ನ ಸಾರಾಗಬೇಕಿದ್ದ ಹುಂಜವೊಂದು ಪೆಟ್ಟಿಗೆಯ ಮಿನುಗುವ ದೀಪವನ್ನು ಕುಕ್ಕಲು ಬಂತು. ಸುರಕ್ಷತೆಯ ದೃಷ್ಟಿಯಿಂದ ಪೆಟ್ಟಿಗೆಯನ್ನು ಸ್ಟೀಲಿನ ಚಕ್ಕುಲಿ ಡಬ್ಬಕ್ಕೆ ಹಾಕಿ, ಮುಚ್ಚಳ ಜಡಿದೆ.

ಆಮೇಲೆ ಎರಡನೇ ಸಾಲನ್ನು ಪರೀಕ್ಷೆಗೆ ಕಳಿಸಿದೆ. ಹೋಗಲಿಲ್ಲ! ಫೋನು ಆರಿಸಿ ಹಚ್ಚಿದೆ. ಡಬ್ಬವನ್ನು ನೀರಿನ ಟ್ಯಾಂಕಿನ ಮೇಲೇರಿಸಿದೆ. ಎತ್ತರ ಹೆಚ್ಚಾಯಿತೇ ಹೊರತು ಫಲ ಇಲ್ಲ. ಕೊನೆಗೆ ಕೆಳಗಿಳಿದು ಬಂದು, ಅಕ್ಷರವಾದರೂ ಅಳಿಯಲಿ ಎಂದು ಜವರಪ್ಪನವರ ಜಾಗದ ಪರದೆಯ ಬ್ಯಾಟರಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಅಳಿಯಲಿಲ್ಲ! ಈ ಪರದೆಗಳು ಪ್ರಾಣ ಹೋದರೂ ಆಡಿದ ಮಾತು ಬಿಡದ ಜಾತಿ.

ಹಿಂದೆಯೇ ಬಂದ ಪುಟ್ಟಮ್ಮ ಅದನ್ನು ಓದಿಬಿಟ್ಟಳು.

"ಅಯ್ಯೋ ನಿಮ್ಮ! ಬೀಗ್ರು ಆಗ್ಲೇ ಟೆಂಪೋ ಅತ್ತವ್ರಂತೆ. ಕಿತ್ತಾಕ್ರಿ ಇದ್ನ!"

"ಕೀಳಕ್ಕಾಗಕಿಲ್ಲ ಕಣೆ. ಮಕ್ಳು ಎತ್ಕೊಂಡೋದಾರು ಅಂತ ಟೇಬ್ಲಿಗೆ ಅಂಟಾಕಿವ್ನಿ."

"ಯಾವ ಅಂಟು?"

"ಟ್ಯಾಂಕಿನ ತೂತು ಮುಚ್ಚಿದ್ನಲ್ಲಾ, ಅದೇಯ."

ಪುಟ್ಟಮ್ಮ ಹಣೆ ಚಚ್ಚಿಕೊಂಡಳು. ಆ ತೂತಿನಿಂದ ಇವತ್ತಿಗೂ ಒಂದು ಹನಿ ಸೋರಿಲ್ಲ. ನನ್ನ ಕೆಲಸ ಅಂದರೆ ಹಾಗೆ!

ಮತ್ತೆ ಟ್ಯಾಂಕು ಹತ್ತಿದೆ. ಬೀಗರ ಟೆಂಪೋ ಬಾಗಿಲಿಗೆ ಬಂದು ನಿಂತಾಗ ನನಗೆ ಜ್ಞಾನೋದಯವಾಯಿತು. ಸ್ಟೀಲ್ ಡಬ್ಬದಿಂದ ಸಿಗ್ನಲ್ ಹೊರಗೆ ಬರುವುದಾದರೂ ಹೇಗೆ? ಮೂವತ್ತು ವರ್ಷದ ಅನುಭವಸ್ಥನೊಬ್ಬ ರೇಡಿಯೊ ಸ್ಟೇಷನ್ನನ್ನೇ ಚಕ್ಕುಲಿ ಡಬ್ಬದಲ್ಲಿಟ್ಟು ಕೂತಿದ್ದ! ಪೆಟ್ಟಿಗೆ ಹೊರತೆಗೆದು, ಎರಡನೇ ಸಾಲು ಒತ್ತಿ, ವಿಜಯಶಾಲಿಯಾಗಿ ಪೆಂಡಾಲಿಗೆ ಓಡಿದೆ.

ಬೀಗರು ಕೂತಿದ್ದರು. ಒಂದು ಪರದೆಯೂ ಕಾಣಲಿಲ್ಲ.

"ಒಂದೊಂದ್ಕೂ ಒಂದೊಂದು ಲೋಟ ಬೋರ್ಲಾಕಿವ್ನಿ," ಎಂದು ಪುಟ್ಟಮ್ಮ ಪಿಸುಗುಟ್ಟಿದಳು. "ಎಂಗೆ ನನ್ ಬುದ್ವಂತ್ಕೆ?"

ಸ್ಟೀಲ್ ಲೋಟ!

ನಾನು ಬಾಯಿ ತೆರೆಯುವುದರೊಳಗೆ ನೀರಿನ ಜಗ್ಗು ಬಂತು. ಬೀಗರೆಲ್ಲ ಶಿಸ್ತಾಗಿ ಲೋಟ ಎತ್ತಿದರು. ಎತ್ತಿ, ಓದಿದರು.

ಜವರಪ್ಪನವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿ, ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದರು. "ಉಣ್ಣಕ್ಕೆ ಕರ್ದು ಇಂಗೆ ಬರ್ದು ಮಡಗಿದ್ದ ನಾ ಎಲ್ಲೂ ಕಂಡಿಲ್ಲ ಬುಡಿ."

"ಒಂದೀಟು ತಡ್ಕಳಿ ಬೀಗ್ರೇ, ಈಗ ಬದ್ಲಾಯ್ತದೆ!" ಅಂದೆ.

"ಏನು, ನಿಮ್ಮ ಮನ್ಸಾ?"

ಅಷ್ಟರಲ್ಲಿ ಸಾಲಿನ ಕೊನೆಯ ಪರದೆ ಕಣ್ಣು ಪಿಳುಕಿಸಿತು. ಅದರ ಪಕ್ಕದ್ದೂ. 'ಹೊಟ್ಟೆ ತುಂಬ ಉಣ್ಣಿ!' ಎಂದು ಒಂದೊಂದಾಗಿ ಬದಲಾದವು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿದೆ. ಎಲ್ಲ ಬದಲಾದವು, ಒಂದನ್ನು ಬಿಟ್ಟು. ಅದರ ಬ್ಯಾಟರಿ ನನ್ನ ಜೇಬಿನಲ್ಲಿ ತಣ್ಣಗಿತ್ತು!

ಜವರಪ್ಪನವರು ಅಕ್ಕಪಕ್ಕದವರ ಪರದೆ ನೋಡಿದರು. ತಮ್ಮದನ್ನು ನೋಡಿದರು. ಕುರ್ಚಿ ಹಿಂದಕ್ಕೆ ಸರಿಯಿತು.

ರಮ್ಯ ಅಡುಗೆಯವರ ಕೈಯಿಂದ ಮುದ್ದೆಯ ತಟ್ಟೆ ಕಿತ್ತುಕೊಂಡು ಬಂದವಳೇ ಅವರ ಎಲೆಗೆ ಎರಡು ಮುದ್ದೆ ಒಟ್ಟಿಗೇ ಇಟ್ಟಳು. "ನಮ್ ತಾತ ಬರ್ದಿದ್ದ ಓದ್ತಾ ಕುಂತ್ರೆ ಮುದ್ದೆ ಆರೋಯ್ತದೆ. ಉಣ್ಣಿ ತಾತ. ಇನ್ನೊಂದ ತತ್ತೀನಿ, ಬ್ಯಾಡ ಅನ್ಬ್ಯಾಡಿ."

ಮುಂಗೋಪಿಯ ಮೀಸೆ ಅಲುಗಿತು. ಕುರ್ಚಿ ಮುಂದಕ್ಕೆ ಬಂತು. ಮುದ್ದೆ ಮೂರಾಯಿತು, ಕೋಳಿ ಸಾರಿಗೆ ಲೆಕ್ಕವಿರಲಿಲ್ಲ.

ಹೊರಡುವಾಗ ಜವರಪ್ಪನವರು ರಮ್ಯಳ ತಲೆ ಸವರಿ, ನನ್ನ ಕೈ ಹಿಡಿದುಕೊಂಡರು. "ಬುದ್ವಾರ ನಮ್ಮನೇಗೆ ಬನ್ನಿ ಬೀಗ್ರೇ. ಏನೂ ತರ್ಬ್ಯಾಡಿ. ಜೇಬ್ ನೋಡೇ ಒಳೀಕೆ ಬುಡೋದು!"

ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ದೊಡ್ಡ ಅವಮಾನ. ಬರಿಗೈಯಲ್ಲೇ ಬರಬೇಕೆಂದು ಬೀಗರಿಂದಲೇ ಕೈಹಿಡಿದು ಹೇಳಿಸಿಕೊಂಡವನು ನಮ್ಮ ವಂಶದಲ್ಲಿ ನಾನೊಬ್ಬನೇ!