ಹೊಗೆ ಕೊಳವೆಯ ತಿರುವುಗಳು

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿದು ಬರಲಿಲ್ಲ. ಚಾಮರಾಜನಗರದ ಪೇಟೆಬೀದಿಯಲ್ಲಿ ನಮ್ಮದು ಜವಳಿ ಅಂಗಡಿ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ವ್ಯಾಪಾರಿಯಾದವನು ಗಲ್ಲಾಪೆಟ್ಟಿಗೆಯ ಹಿಂದೆ ಗುಂಡುಕಲ್ಲಿನ ಹಾಗೆ ಕೂತಿರಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ಹಾಗೇ ಕೂತು ಅಂಗಡಿ ಬೆಳೆಸಿದರು. ನಾನೋ, ಕೂತ ಅರೆಗಳಿಗೆಯಲ್ಲಿ ಎದ್ದು ಮೇಲಿನ ಬಟ್ಟೆಯ ತಾನು ಕೆಳಗಿಟ್ಟು, ಕೆಳಗಿನದನ್ನು ಮೇಲಿಟ್ಟು, ಅದೂ ಸರಿಬಾರದೆ ಎರಡನ್ನೂ ಎದುರು ಗೋಡೆಗೆ ಸಾಗಿಸುವವನು. ಬೆಳಿಗ್ಗೆ ಸೀರೆ ಇದ್ದ ಜಾಗದಲ್ಲಿ ಮಧ್ಯಾಹ್ನ ಪಂಚೆ ಇರುತ್ತಿತ್ತು. ಹಳೆಯ ಗಿರಾಕಿಗಳೇ ಬಾಗಿಲಲ್ಲಿ ನಿಂತು, "ಅಂಗ್ಡಿ ಬ್ಯಾರೆಯವ್ರು ಕೊಂಡ್ಕಂಡ್ರಾ?" ಎಂದು ಕೇಳಿದ್ದುಂಟು. ಮಾಡಲು ಕೆಲಸವಿಲ್ಲದಿದ್ದರೂ ಕೈ ತುರಿಸುತ್ತದಲ್ಲ, ಆ ಜಾತಿ ನನ್ನದು.

ಇಂಥ ನನ್ನ ಕೈಗೆ ಸಿಕ್ಕದೆ ಉಳಿದಿದ್ದ ಜಾಗ ನಮ್ಮ ಮನೆಯಲ್ಲಿ ಒಂದೇ ಒಂದು, ಅಡುಗೆಮನೆ. ಏಕೆಂದರೆ ನಾನು ಅದರೊಳಕ್ಕೆ ಹೋಗುತ್ತಲೇ ಇರಲಿಲ್ಲ. ಊಟ ನಡುಮನೆಗೆ ಬರುತ್ತಿತ್ತು, ನೀರು ಕೂತಲ್ಲಿಗೆ ಬರುತ್ತಿತ್ತು. ನಮ್ಮ ಕಡೆ ಅಡುಗೆಮನೆ ಎಂದರೆ ಒಳಗಿನ ಒಳಗು. ಹೊರಗಿನವರ ಕಣ್ಣು ಮಾಡಿದ ಅಡುಗೆಯ ಮೇಲೆ ಬೀಳಬಾರದು ಎಂದು ಬಾಗಿಲಿಗೆ ಅಡ್ಡ ಪರದೆ ಬಿಡುವ ಮನೆಗಳಿದ್ದವು. ಹೊರಗಿನವರಿಗೆ ಹೇಳಿದ ಮಾತನ್ನು ಮನೆಯ ಯಜಮಾನರಾದ ನಾವೂ ನಮಗೇ ಹೇಳಿದ್ದೆಂದುಕೊಂಡು ಆರಾಮಾಗಿದ್ದೆವು. ಆ ಬಾಗಿಲಿನಿಂದ ನನ್ನ ಹೆಂಡತಿ ರಾಜಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬರುವುದು ಮಾತ್ರ ನನಗೆ ಗೊತ್ತಿತ್ತು. ಒಮ್ಮೆ ಮೈಸೂರಿನಿಂದ ಬಂದ ಒಬ್ಬ ಸಗಟು ವ್ಯಾಪಾರಿ ಅವಳನ್ನು ನೋಡಿ ಗಾಬರಿಯಾಗಿ, "ಏನು, ಮನೆಯಲ್ಲಿ ಏನಾದರೂ ಜಗಳವೇ?" ಎಂದು ಪಿಸುಗುಟ್ಟಿದರು. "ಛೆ ಛೆ, ಬರೀ ಹೊಗೆ ಸ್ವಾಮಿ" ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಹೀಗಿರುವಾಗ ರಾಜಮ್ಮಣ್ಣಿ ಗುಂಡ್ಲುಪೇಟೆಗೆ, ತನ್ನ ಅಣ್ಣನ ಮಗುವಿನ ನಾಮಕರಣಕ್ಕೆ ಹೋದಳು. ಅವಳ ಅಣ್ಣ ಮಲ್ಲಪ್ಪ, ನನಗೆ ಭಾವ, ಬಂಡೀಪುರದ ಕಡೆಯ ಮರ ಹರಾಜಿನಲ್ಲಿ ಹಿಡಿದು ಮಾರುವವರು. ನಾಲ್ಕು ದಿನ ಕಳೆದು ಬಂದವಳ ಕಣ್ಣು ಬೆಳ್ಳಗಿತ್ತು. ಕೆಮ್ಮು ಇರಲಿಲ್ಲ. ಸಂಜೆ ದೀಪದ ಮುಂದೆ ಕೂತು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು. ಅದುವರೆಗೆ ಆ ಕೆಲಸಕ್ಕೆ ಪಕ್ಕದ ಮನೆಯ ಹುಡುಗಿಯನ್ನು ಕರೆಯುತ್ತಿದ್ದಳು. ಪೋಣಿಸಿದ ಸೂಜಿ ಹಿಡಿದುಕೊಂಡೇ ಹೇಳಿದಳು: "ಅಣ್ಣಯ್ಯ ಅಡ್ಗೆಮನೆ ವಸ್ದು ಮಾಡ್ಸವ್ನೆ ಕಣ್ರೀ. ಒಲೆ ಮ್ಯಾಲೆ ತಗಡಿನ್ ಕೊಳವೆ ಮಡುಗ್ಸವ್ನೆ. ಹೊಗೆ ಅನ್ನದೇ ಇಲ್ಲ. ನಮ್ಗೂ ಅಂಗೆ ಹೊಗೆ ಆಚ್ಗೋಗಂಗೆ ಮಾಡ್ಸಿ. ನಂಗ್ ಇನ್ನೇನೂ ಬ್ಯಾಡ. ಇಂಗೇ ಆದ್ರೆ ಇನ್ನೆಲ್ಡು ವರ್ಸಕ್ಕೆ ನಿಮ್ ಮೊಕಾನೂ ಕಾಣಕಿಲ್ಲ ನಂಗೆ."

ನನ್ನ ಮುಖ ಕಾಣದಿರುವುದು ಅಷ್ಟೇನೂ ನಷ್ಟವಲ್ಲ ಎಂದು ನಗಲು ನೋಡಿದೆ. ಅವಳು ನಗಲಿಲ್ಲ. ನನಗೂ ಒಳಗೊಳಗೇ ಚುರುಕ್ಕೆಂದಿತು. ಅದರ ಜೊತೆಗೇ ಇನ್ನೊಂದೂ ಆಯಿತು, ಅದನ್ನು ಮುಚ್ಚಿಡುವುದೇಕೆ: ಹೊಸದಾಗಿ ಕೆಡವಿ ಕಟ್ಟಲು ಒಂದು ಕೋಣೆ ಸಿಕ್ಕಿತಲ್ಲ ಎಂದು ಕೈಗಳೆರಡೂ ತುರಿಸತೊಡಗಿದವು.

ಅವಳು ಕೇಳಿದ್ದು ಹೊಗೆ ಹೋಗುವ ದಾರಿ. ನಾನು ಮಾರನೆಯ ದಿನವೇ ಅಂಗಡಿಗೆ ಬಂದವರನ್ನೆಲ್ಲ, "ನಿಮ್ಮ ಅಡುಗೆಮನೆ ಹೇಗಿದೆ?" ಎಂದು ವಿಚಾರಿಸಲು ಹೊರಟೆ. ನೋಡೋಣ ಎಂದರೆ ಯಾರೂ ತೋರಿಸುವಂತಿಲ್ಲ, ನಾನು ಕೇಳುವಂತೆಯೂ ಇಲ್ಲ. ಹೀಗಾಗಿ ಎಲ್ಲ ಬಾಯಿಮಾತಿನಲ್ಲೇ. ನಮ್ಮ ಜಗಲಿಯ ದರ್ಜಿಯ ಸೀಮೆಸುಣ್ಣ ತೆಗೆದುಕೊಂಡು, ಮಾರಾಟವಾಗದೆ ಬಿದ್ದಿದ್ದ ಕಾಕಿ ಬಟ್ಟೆಯ ಮೇಲೆ ಅವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದೆ. ಅಡುಗೆಮನೆಯ ವಿಷಯದಲ್ಲಿ ಗಂಡಸರಿಗೆ ಇಷ್ಟು ಮಾತಿದೆ ಎಂದು ನನಗೆ ತಿಳಿದಿರಲಿಲ್ಲ. ಹಿಂದಿನ ಮನೆಯ ಬೆಲ್ಲದ ವ್ಯಾಪಾರಿ ಚನ್ನಬಸಪ್ಪನವರು, ಮೂಲ ಕುದೇರಿನವರು, ತಮ್ಮ ಮನೆಯ ಒಲೆಯ ಬಲಕ್ಕೆ ಉಪ್ಪಿನ ಗೂಡು, ಎಡಕ್ಕೆ ಸೌದೆಯ ಗೂಡು, ಮೇಲೆ ಬೆಳಕಿಂಡಿ ಎಂದು ಕಣ್ಣುಮುಚ್ಚಿ ವರ್ಣಿಸಿದರು. ಕೇಳಿದರೆ ಅಲ್ಲಿಗೇ ಹೋಗಿ ಸಂಸಾರ ಹೂಡೋಣ ಅನ್ನಿಸಬೇಕು. ಸಂಜೆ ರಾಜಮ್ಮಣ್ಣಿ ಹಿತ್ತಿಲ ಗೋಡೆಯ ಮೇಲಿಂದ ಅವರ ಹೆಂಡತಿಯನ್ನು ವಿಚಾರಿಸಿದಳು. ಆಕೆ ಬಿದ್ದು ಬಿದ್ದು ನಕ್ಕರಂತೆ. ಆ ಗೂಡುಗಳನ್ನು ಅವರ ದೊಡ್ಡ ಮಗ ಹುಟ್ಟುವ ಮೊದಲೇ ಮುಚ್ಚಿಸಿ ಆಗಿತ್ತು. ಆ ಮಗನಿಗೆ ಈಗ ಹೆಣ್ಣು ನೋಡುತ್ತಿದ್ದರು. ನಾನು ನಕಾಶೆ ಬರೆದ ಕಾಕಿ ಬಟ್ಟೆಯಲ್ಲೇ ದರ್ಜಿ ಗೊತ್ತಾಗದೆ ಯಾರಿಗೋ ಚಡ್ಡಿ ಹೊಲಿದುಕೊಟ್ಟ. ಒಗೆಯುವವರೆಗೂ ಚನ್ನಬಸಪ್ಪನವರ ಅಡುಗೆಮನೆ ಪೇಟೆಯಲ್ಲೆಲ್ಲ ಓಡಾಡಿತು.

ಇದಾಗದ ಮಾತು, ಗುಂಡ್ಲುಪೇಟೆಗೇ ಹೋಗಿ ಕಣ್ಣಾರೆ ನೋಡುತ್ತೇನೆ ಎಂದು ಬಸ್ಸು ಹತ್ತಿದೆ. ಭಾವ ಸಂತೋಷಪಟ್ಟರು. ತಂಗಿಯ ಗಂಡ ಹೇಳದೆ ಕೇಳದೆ ಬಂದರೆ ಸುಮ್ಮನೆ ಬಿಡುತ್ತಾರೆಯೇ? ನಡುಮನೆಯಲ್ಲಿ ಮಣೆ ಹಾಕಿ, ಒಬ್ಬಟ್ಟು, ಕಾಯಿಹಾಲು ಬಡಿಸಿದರು. "ನಿಮ್ಮ ಅಡುಗೆಮನೆ ತೋರಿಸಿ" ಎಂದು ನೇರ ಕೇಳಲು ನಾಲಿಗೆ ಏಳಲಿಲ್ಲ. ನಂಟರ ಮನೆಗೆ ಬಂದ ಗಂಡಸು ಆಡುವ ಮಾತೇ ಅದು? ಕೂತಲ್ಲಿಂದಲೇ ಕತ್ತು ಉದ್ದ ಮಾಡಿ, ಬಾಗಿಲ ಪರದೆಯ ಸಂದಿಯಲ್ಲಿ ಕೊಳವೆ ಏನಾದರೂ ಕಾಣುತ್ತದೆಯೇ ಎಂದು ನೋಡಿದೆ. ಭಾವ ಅದನ್ನು ಕಂಡರು. ಎದ್ದು ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು: "ಬಡ್ಸಿರದು ಸಾಲ್ನಿಲ್ಲ ಅಂತ ಕಾಣ್ತದೆ ಕಣಮ್ಮಿ. ಇಣ್ಕಿ ಇಣ್ಕಿ ನೋಡ್ತಾವ್ರೆ. ಮಾನ ಓಯ್ತದೆ, ಬಿರ್ನೆ ಬಡ್ಸು." ಮತ್ತೆರಡು ಒಬ್ಬಟ್ಟು ಬಂದವು. ತಿಂದು, ಈ ಸಲ ಸ್ವಲ್ಪ ಎಡಕ್ಕೆ ವಾಲಿ ನೋಡಿದೆ. ಇನ್ನೆರಡು ಬಂದವು. "ಬೇಡಕ್ಕ, ನಾನು ನೋಡಿದ್ದು ಅದಕ್ಕಲ್ಲ" ಎಂದರೆ, "ನಾಚ್ಕಬ್ಯಾಡಿ ಕಣಣ್ಣ, ನಿಮ್ಮನೆ ಅಲ್ವಾ" ಎಂದು ತುಪ್ಪ ಸುರಿದರು. ನೋಡಿದಷ್ಟೂ ಬಡಿಸುತ್ತಾರೆ, ಬಡಿಸಿದಷ್ಟೂ ಏಳುವುದು ಕಷ್ಟ. ಕೊನೆಗೆ ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಅಲ್ಲಿ ಹಿಂದಿನ ಗೋಡೆಯಿಂದ ಒಂದು ತಗಡಿನ ಕೊಳವೆ ಹೊರಗೆ ಬಂದು ತೆಳ್ಳಗೆ ಹೊಗೆ ಬಿಡುತ್ತಿತ್ತು. ಗೋಡೆಯ ಒಳಮಗ್ಗುಲಲ್ಲಿ ಅದು ಹೇಗಿದೆ ಎಂಬುದು ನನಗೆ ಇಂದಿಗೂ ತಿಳಿಯದು. ತೆರಕಣಾಂಬಿ ದಾಟುವವರೆಗೂ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ.

ಬಂದವನೇ ಉಮ್ಮತ್ತೂರಿನಿಂದ ಗಾರೆ ಕೆಲಸದ ಸಿದ್ದಯ್ಯನನ್ನು ಕರೆಸಿ, ಹಳೆಯ ಒಲೆಯನ್ನು ಕೀಳಿಸಿಬಿಟ್ಟೆ. ಸಿದ್ದಯ್ಯ ಯಾವುದಕ್ಕೂ ಇಲ್ಲವೆನ್ನದ ಮನುಷ್ಯ. ಏನು ಹೇಳಿದರೂ "ಅದ್ಕೇನ್ ಸಾವ್ಕಾರ್ರೇ, ಮಾಡ್ಬುಡನ" ಎನ್ನುತ್ತಿದ್ದ. ಹಿಂದಿನ ಗೋಡೆ ಕೊರೆದು ಭಾವನ ಮನೆಯಂತೆ ಕೊಳವೆ ಹೊರಡಿಸು ಎಂದೆ. ಮಾಡ್ಬುಡನ ಎಂದ. ತೂತು ಬೀಳುವಷ್ಟರಲ್ಲಿ ಚನ್ನಬಸಪ್ಪನವರು ಹಿತ್ತಿಲ ಗೋಡೆಯ ಮೇಲೆ ತಲೆ ಎತ್ತಿದರು. "ಅಲ್ಲ ಕಣಪ್ಪ, ಕೊಳವೆ ಬಾಯ ನಮ್ ಉಲ್ಲಿನ್ ಮೆದೆಗೆ ತಿರುಗ್ಸಿದ್ದಿಯಲ್ಲ! ಒಂದ್ ಕಿಡಿ ಹಾರುದ್ರೆ ನಮ್ ದನ ಏನ್ ನಿನ್ ಪಂಚೆ ತಿಂದವಾ?" ಅದೂ ನ್ಯಾಯವೇ. ಆ ತೂತು ಮುಚ್ಚಿಸಿ ದಕ್ಷಿಣದ ಗೋಡೆಗೆ ತಿರುಗಿಸಿದೆ. ಬಿನ್ನದ ಊಟಕ್ಕೆ ಬಂದ ಜಂಗಮ ಅಯ್ಯನವರು ನೋಡಿ, ಮನೆಯ ಹೊಗೆ ಯಮನ ದಿಕ್ಕಿಗೆ ಹೋಗಬಾರದು ಎಂದರು. ಉತ್ತರದ ಗೋಡೆಯಾಚೆ ಪೂಜೆಯ ಕೋಣೆ, ಅಲ್ಲಿಗಂತೂ ಆಗದು. ನೆಟ್ಟಗೆ ಮೇಲಕ್ಕೇ ಬಿಡೋಣ, ಹೆಂಚು ತೆಗೆಸಿದರೆ ಆಯಿತು ಎಂದರೆ, ನಡುಮನೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ನಮ್ಮ ದೊಡ್ಡವ್ವ, "ಮನೆ ನೆತ್ತಿ ಒಡೀಬಾರ್ದು ಕಣ್ಲಾ ಮಗ, ನಾನ್ ಬದ್ಕಿರಗಂಟ ಆಗಕಿಲ್ಲ" ಎಂದು ಕುಟ್ಟಾಣಿ ನೆಲಕ್ಕೆ ಕುಕ್ಕಿದರು.

ಯಾರ ಮಾತನ್ನೂ ತೆಗೆದುಹಾಕುವ ಧೈರ್ಯ ನನಗಿಲ್ಲ. ವ್ಯಾಪಾರಿಯ ಬಾಯಿಗೆ ಇಲ್ಲ ಎನ್ನುವ ಮಾತು ಬರುವುದೇ ಇಲ್ಲ. ಆದ್ದರಿಂದ ಒಬ್ಬೊಬ್ಬರ ಮಾತಿಗೂ ಕೊಳವೆಗೆ ಒಂದೊಂದು ತಿರುವು ಕೊಡಿಸುತ್ತಾ ಹೋದೆ. ಸೀಮೆಎಣ್ಣೆ ಡಬ್ಬ ಕತ್ತರಿಸಿ ಕೊಳವೆ ಮಾಡಿಕೊಡುವವನು ದಿನಾ ಬಂದು ಒಂದು ಮೊಣಕೈ ತಿರುವು ಜೋಡಿಸಿ ಹೋಗುತ್ತಿದ್ದ. ಕೊಳವೆ ಹಿಂದಕ್ಕೆ ಹೋಗಿ, ದಕ್ಷಿಣಕ್ಕೆ ಇಣುಕಿ, ಅಲ್ಲಿ ಬೇಡವೆನ್ನಿಸಿಕೊಂಡು ತಿರುಗಿ, ಕೊನೆಗೆ ನಡುಮನೆಯ ಅಟ್ಟ ಹತ್ತಿ, ಅಂಗಡಿಯ ಮೇಲೆ ಹಾಯ್ದು, ಬೀದಿಯ ಕಡೆ ಸೂರಿನ ಕೆಳಗೆ ಬಾಯಿ ತೆರೆಯಿತು. ಅದೇ ಭರದಲ್ಲಿ ನಾನು ನೀರಿನ ಕಟ್ಟೆಯನ್ನು ಆಚೆಯಿಂದ ಈಚೆಗೆ ಕಟ್ಟಿಸಿ, ರುಬ್ಬುವ ಒರಳನ್ನು ಈಚೆಯಿಂದ ಆಚೆಗೆ, ಮತ್ತೆ ಇದ್ದಲ್ಲಿಗೇ ಹೂಳಿಸಿದೆ. "ಮಾಡ್ಬುಡನ" ಎಂದ ಸಿದ್ದಯ್ಯ.

ಇಷ್ಟೂ ಕಾಲ ರಾಜಮ್ಮಣ್ಣಿ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು. ಗಾಳಿ ಅತ್ತ ಬೀಸಿದರೆ ಅವಳು ಇತ್ತ, ಇತ್ತ ಬೀಸಿದರೆ ಅತ್ತ. ಕಣ್ಣು ಮತ್ತೆ ಕೆಂಪಾಯಿತು, ರಾಗಿ ಹಿಟ್ಟಿನಲ್ಲಿ ಬೂದಿ ಬಿತ್ತು. "ಇನ್ನೂ ಎಷ್ಟ್ ದಿನ ಕಣ್ರೀ?" ಎಂದು ಕೇಳಿದಾಗಲೆಲ್ಲ ನಾನು, "ಕೆಲಸ ಅಚ್ಚುಕಟ್ಟಾಗಬೇಕೋ ಬೇಡವೋ? ನಿನಗೋಸ್ಕರ ತಾನೇ ಇಷ್ಟೆಲ್ಲ?" ಎಂದು ರೇಗುತ್ತಿದ್ದೆ. ಒಂದು ದಿನ ಅವಳು ಮುದ್ದೆಯ ಕೋಲನ್ನು ಕೆಳಗಿಟ್ಟು, "ನಂಗೋಸ್ಕರ ಆಗಿದ್ರೆ ನನ್ನೊಂದ್ ಮಾತ್ ಕೇಳ್ತಿದ್ರಿ" ಎಂದಳು. ನಾನು ಅಂಗಡಿಗೆ ಹೋಗಿ ತಾನುಗಳನ್ನು ಆಚೀಚೆ ಮಾಡಿದೆ.

ಅಂತೂ ಒಂದು ಸೋಮವಾರ ಒಲೆ ಹಚ್ಚಿದ್ದಾಯಿತು. ಹೊಸ ಒಲೆಗೆ ವಿಭೂತಿ ಹಚ್ಚಿ, ಹಾಲು ಉಕ್ಕಿಸಿ, ಅವರೆಕಾಳಿನ ಸಾರಿಗೆ ಇಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ದೇವರಾಣೆಗೂ ಅಡುಗೆಮನೆಯಲ್ಲಿ ಒಂದು ಎಳೆ ಹೊಗೆ ಇರಲಿಲ್ಲ. ರಾಜಮ್ಮಣ್ಣಿ ತಿರುಗಿ ನನ್ನ ಕಡೆ ನೋಡಿ ನಕ್ಕಳು. ಎಷ್ಟೋ ಕಾಲದ ಮೇಲೆ ನಕ್ಕಳು. ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದೆ. ಬಂದರೆ ಗಲ್ಲಾಪೆಟ್ಟಿಗೆ ಕಾಣುತ್ತಿಲ್ಲ! ಕೊಳವೆ ತನ್ನ ಕೆಲಸ ಮಾಡಿತ್ತು. ಒಲೆಯಿಂದ ಹೊಗೆಯನ್ನೆಲ್ಲ ಎಳೆದುಕೊಂಡು ಬಂದು, ಅಟ್ಟದಲ್ಲಿ ಪ್ರತಿಯೊಂದು ತಿರುವಿನ ಬೆಸುಗೆಯಲ್ಲೂ ಒಂದಿಷ್ಟು ನಡುಮನೆಗೆ ಇಳಿಸಿ, ಉಳಿದದ್ದನ್ನು ಸೂರಿಗೆ ಬಡಿದು ಅಂಗಡಿಯೊಳಕ್ಕೇ ಸುರಿಯುತ್ತಿತ್ತು. ದರ್ಜಿ ಕೆಮ್ಮುತ್ತಾ ಬೀದಿಗೆ ಹಾರಿದ. ಸೀರೆ ನೋಡುತ್ತಿದ್ದ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಹಿಡಿದು, "ಅವ್ರೆಕಾಳ್ ಸಾರಾ ಸಾವ್ಕಾರ್ರೇ ಇವತ್ತು?" ಎಂದಳು.

ಕಣ್ಣು ಉರಿದ ಉರಿ ಏನು ಹೇಳಲಿ! ಮೊದಲು ನೀರು ಬಂತು, ಆಮೇಲೆ ಮರಳು ಎರಚಿದ ಹಾಗಾಯಿತು, ಆಮೇಲೆ ತೆರೆಯಲೇ ಆಗಲಿಲ್ಲ. ಒಂದು ಹೊತ್ತಿನ ಅಡುಗೆಗೆ ಇಷ್ಟು. ತಡವರಿಸುತ್ತಾ ನಡುಮನೆಗೆ ಹೋದರೆ ದೊಡ್ಡವ್ವ ಕುಟ್ಟಾಣಿ ಬಿಟ್ಟು ಏದುಸಿರು ಬಿಡುತ್ತಿದ್ದರು. "ಸಿದ್ದಯ್ಯನ್ನ ಕರ್ಸು ಕಣ್ಲಾ! ನೆತ್ತಿ ಒಡುದ್ರೆ ಒಡೀಲಿ, ಮೊದ್ಲು ಉಸ್ರಾಡಕೆ ಬುಡಿ!" ಅಡುಗೆಮನೆಯಿಂದ ರಾಜಮ್ಮಣ್ಣಿ ಮಾತ್ರ, "ಯಾಕ್ರೀ, ಬೋ ಚೆಂದಾಗದಲ್ಲ, ಇಂಗೇ ಇರ್ಲಿ ಬುಡಿ" ಎಂದಳು.

ಇರಲಿ ಬಿಡಿ ಅಂತೆ! ಆ ಕ್ಷಣವೇ, ಇನ್ನೂ ಪೇಟೆಯಲ್ಲೇ ಇದ್ದ ಸಿದ್ದಯ್ಯನಿಗೆ ಜನ ಅಟ್ಟಿದೆ. ಚನ್ನಬಸಪ್ಪನವರನ್ನು ಕೇಳಲಿಲ್ಲ, ಅಯ್ಯನವರನ್ನು ಕೇಳಲಿಲ್ಲ, ಸೀಮೆಸುಣ್ಣ ಹಿಡಿಯಲಿಲ್ಲ. ಒಲೆಯ ನೆತ್ತಿಯ ಮೇಲಿನ ನಾಲ್ಕು ಹೆಂಚು ತೆಗೆಸಿ, ತಿರುವುಗಳನ್ನೆಲ್ಲ ಕಿತ್ತೆಸೆದು, ಕೊಳವೆಯನ್ನು ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದ್ದಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಹೊಗೆ ಯಾರ ಗೊಡವೆಗೂ ಹೋಗದೆ ಮೇಲಕ್ಕೆ ಹೋಯಿತು. ನಾನು ಒದ್ದೆ ಬಟ್ಟೆಯಿಂದ ಕಣ್ಣೊತ್ತಿಕೊಳ್ಳುತ್ತಾ ಎಲೆಯ ಮುಂದೆ ಕೂತೆ. ರಾಜಮ್ಮಣ್ಣಿ ಸಾರು ಬಡಿಸುತ್ತಾ, ಕೋಪವೇನೂ ಇಲ್ಲದೆ, ಉಪ್ಪು ಹೆಚ್ಚಾಯಿತೇ ಎಂದು ಕೇಳುವ ದನಿಯಲ್ಲಿ ಹೇಳಿದಳು:

"ನಿಮ್ ಕಣ್ಗೂ ಹೊಗೆ ತಾಗ್ತದೆ ಅಂತ ಮೊದ್ಲೇ ಗೊತ್ತಿದ್ರೆ, ಮದ್ವೆಯಾದ್ ವರ್ಸವೇ ಒಲೆಯ ಅಂಗ್ಡೀಲಿ ಮಡುಗ್ತಿದ್ದೆ ಕಣ್ರೀ."